ಲೆಕ್ಕದ ಪಟ್ಟಿ ಬದಿಗಿಡಿ

ಪ್ರಶ್ನೆ: ನುಸಿರೋಗದಿಂದ ನಮ್ಮ ತೆಂಗಿನ ಇಳುವರಿ ಕುಸಿದಿದೆ. ಬದುವಿನ ವಿಚಾರಕ್ಕೆ ಅಣ್ಣನ ಜೊತೆ ಮಾತು ನಿಂತಿದೆ. ಉಪವಾಸ, ಜಪಸರ, ಕಾಣಿಕೆ ಎಲ್ಲ ಆಯಿತು. ದೇವರ ಆಶೀರ್ವಾದ ನನಗೇಕಿಲ್ಲ?
– ಓದುಗರೊಬ್ಬರು, ಹುಲಿಕೆರೆ

ಉತ್ತರ: ಸಹೋದರರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಪತ್ರದ ತುಂಬ ‘ಇಷ್ಟೆಲ್ಲ ಮಾಡಿದೆ’ ಎಂಬ ಲೆಕ್ಕವೇ ಇದೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದ ಫರಿಸಾಯನೂ ವಾರಕ್ಕೆರಡು ಉಪವಾಸ, ದಶಮಾಂಶದ ಪಟ್ಟಿಯನ್ನೇ ದೇವರ ಮುಂದಿಟ್ಟ. ದೂರ ನಿಂತು, ತಲೆ ಎತ್ತದೆ ಎದೆ ಬಡಿದುಕೊಂಡ ಸುಂಕದವನೇ ದೇವರಿಗೆ ಮೆಚ್ಚುಗೆಯಾದ.

ಹಾಗಂತ ಕೇಳಲೇಬಾರದೆಂದಲ್ಲ. ಗೆತ್ಸೆಮನೆಯಲ್ಲಿ ಯೇಸುವೂ ಸಂಕಟ ತೊಲಗಲೆಂದು ಬೇಡಿದರು. ಕೊನೆಗೆ ತಂದೆಯ ಚಿತ್ತಕ್ಕೆ ಬಿಟ್ಟರು. ಸಂಕಟ ತೊಲಗಲಿಲ್ಲ, ಎದುರಿಸುವ ಬಲ ಬಂತು. ಶರಣಾಗತಿಯೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ತೋಟಕ್ಕೆ ತೋಟಗಾರಿಕೆ ಇಲಾಖೆಯವರನ್ನು ಕರೆಸಿ, ಹೇಳಿದ ಔಷಧಿ ಕೊಡಿ.

ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ರಾಜಿಯಾಗು ಎನ್ನುತ್ತದೆ ಮತ್ತಾಯನ 5ನೇ ಅಧ್ಯಾಯ. ಈ ಭಾನುವಾರ ಪೂಜೆಗೆ ಮುಂಚೆ ಅಣ್ಣನ ಮನೆಗೆ ಹೋಗಿ. ‘ಬದುವನ್ನು ಸರ್ವೆಯವರು ಅಳೆಯಲಿ, ನಾವು ಮಾತು ಬಿಡೋದು ಬೇಡ’ ಎನ್ನಿ. ದೀನತೆಯೆಂದರೆ ಹಕ್ಕು ಬಿಡುವುದಲ್ಲ, ಹಮ್ಮು ಬಿಡುವುದು. ಅಣ್ಣ ಮುಖ ತಿರುಗಿಸಬಹುದು, ಇಳುವರಿ ಏರದೆಯೂ ಇರಬಹುದು. ಆದರೂ ನಿಮ್ಮ ಪ್ರಾರ್ಥನೆಯಲ್ಲಿ ವ್ಯಾಪಾರ ಉಳಿಯುವುದಿಲ್ಲ. ಆಶೀರ್ವಾದ ಶುರುವಾಗುವುದೇ ಅಲ್ಲಿಂದ.