ಶಿಶುವಿಹಾರದಲ್ಲಿ ಆಟ ಮತ್ತು ಸೃಜನಶಕ್ತಿ

ದೊಡ್ಡವರು ದುಡಿದು ದಣಿದ ಮೇಲೆ ಆಡುತ್ತಾರೆ. ಮಗುವಾದರೋ ಆಡುತ್ತಲೇ ಲೋಕವನ್ನು ಅರಿಯುತ್ತದೆ. ಮೂರರಿಂದ ಆರು ವರ್ಷದ ಶಿಶುವಿಗೆ ಆಟವೇ ಕಾಯಕ, ಆಟವೇ ಅಧ್ಯಯನ. ಈ ಭೇದವನ್ನು ಮನಗಾಣದೆ, ಬೆರಳಿನ ಸ್ನಾಯುಗಳು ಬಲಿಯುವ ಮೊದಲೇ ಮಗುವಿನ ಕೈಗೆ ಬರೆಹದ ಪುಸ್ತಕವನ್ನಿತ್ತು, ಶಿಶುವಿಹಾರವನ್ನು ಒಂದನೆಯ ತರಗತಿಯ ಕಿರಿಯ ರೂಪವನ್ನಾಗಿಸುವ ಪ್ರವೃತ್ತಿ ಅನೇಕ ಕಡೆ ಕಂಡುಬರುತ್ತಿದೆ. ಇದು ವಿಚಾರಾರ್ಹ ವಿಷಯ.

ಆಟಕ್ಕೆ ಶಿಕ್ಷಣದಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಅಗ್ರಗಣ್ಯರು. 1837ರಲ್ಲಿ ಆರಂಭಿಸಿದ ತಮ್ಮ ಸಂಸ್ಥೆಗೆ 1840ರಲ್ಲಿ ಅವರು ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ನೂಲಿನ ಚೆಂಡು, ಮರದ ಗೋಳ, ಎಂಟು ತುಂಡುಗಳಾಗಿ ಬಿಡಿಸಿ ಮತ್ತೆ ಕೂಡಿಸಬಹುದಾದ ಘನ ಇವೇ ಅವರ ಪಾಠೋಪಕರಣಗಳು. 1907ರಲ್ಲಿ ಮರಿಯಾ ಮಾಂಟೆಸ್ಸೊರಿಯವರು ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ತೆರೆದರು. 1920ರಲ್ಲಿ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ, ಮಾಂಟೆಸ್ಸೊರಿ ಪದ್ಧತಿಗೆ ಕಥೆ, ಹಾಡು, ನಾಟಕಗಳನ್ನು ಬೆಸೆದು ಅದನ್ನು ನಮ್ಮ ನೆಲಕ್ಕೆ ಒಗ್ಗಿಸಿದರು.

ಆಟದಿಂದ ಕಲ್ಪನೆ ಬೆಳೆಯುವ ಬಗೆ ಎಂತಹುದು? ರಷ್ಯದ ಮನೋವಿಜ್ಞಾನಿ ವೈಗಾಟ್‌ಸ್ಕಿ ಇದನ್ನು ಕೋಲಿನ ಕುದುರೆಯ ನಿದರ್ಶನದಿಂದ ವಿವರಿಸಿದರು. ಕೋಲನ್ನೇರಿ ಓಡುವ ಮಗು ಕಣ್ಣಿಗೆ ಕಾಣುವ ವಸ್ತುವಿನಿಂದ ಅರ್ಥವನ್ನು ಬೇರ್ಪಡಿಸಿ, ಕಾಣದ ಕುದುರೆಯನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ತೆಂಗಿನ ಕರಟ ಪಾತ್ರೆಯಾಗುವಾಗಲೂ, ಮರಳು ಅನ್ನವಾಗುವಾಗಲೂ ನಡೆಯುವುದು ಇದೇ ವ್ಯಾಪಾರ. ಮುಂದೆ ಅಕ್ಷರವು ಧ್ವನಿಯ ಸಂಕೇತ, ಅಂಕಿಯು ಸಂಖ್ಯೆಯ ಸಂಕೇತ ಎಂದು ಗ್ರಹಿಸುವುದಕ್ಕೆ ಈ ಅಭ್ಯಾಸವು ಪೂರ್ವಸಿದ್ಧತೆಯಾಗುತ್ತದೆ.

1976ರಲ್ಲಿ ಪ್ರಕಟವಾದ ಸಿಲ್ವಾ, ಬ್ರೂನರ್ ಮತ್ತು ಜೆನೋವಾ ಅವರ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಕೋಲುಗಳನ್ನು ಜೋಡಿಸಿ ದೂರದ ವಸ್ತುವನ್ನು ಎಳೆದುಕೊಳ್ಳುವ ಸಮಸ್ಯೆಯಲ್ಲಿ, ಮೊದಲು ಆ ಕೋಲುಗಳೊಡನೆ ಸ್ವತಂತ್ರವಾಗಿ ಆಡಿದ ಮಕ್ಕಳು, ಜೋಡಿಸುವ ವಿಧಾನವನ್ನು ನೋಡಿದ ಮಕ್ಕಳಿಗೆ ಹೆಚ್ಚುಕಡಿಮೆ ಸಮಾನರಾಗಿ ಯಶಸ್ವಿಯಾದರು. ಅನಂತರದ ಸಂಶೋಧಕರು ಇಂತಹ ಫಲಿತಾಂಶಗಳನ್ನು ಪ್ರಶ್ನಿಸಿದುದೂ ಉಂಟು. ಆದುದರಿಂದ ಆಟವೊಂದೇ ಸೃಜನಶಕ್ತಿಯನ್ನು ಉಂಟುಮಾಡುತ್ತದೆಂದು ಸಾರುವುದು ಅತಿಶಯೋಕ್ತಿ. ಆದರೆ ತಪ್ಪಿಗೆ ಅಂಜದೆ ಪ್ರಯತ್ನಿಸುವ ಅವಕಾಶ ಮಗುವಿಗೆ ಆಟದಲ್ಲಿ ದೊರೆಯುವಷ್ಟು ಬೇರೆಡೆ ದೊರೆಯುವುದು ವಿರಳ.

ಇಲ್ಲಿ ಶಿಕ್ಷಕಿಯ ಪಾತ್ರ ಸೂಕ್ಷ್ಮವಾದುದು. ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಯನ್ನೇ ನೋಡಬಹುದು. ಜೇಡಿಮಣ್ಣಿನ ಒಂದೇ ಮುದ್ದೆಯಿಂದ ಒಂದು ಮಗು ಕೊಂಬು ನೀಳವಾದ ಎತ್ತನ್ನೂ, ಇನ್ನೊಂದು ಹಿಣಿಲು ದೊಡ್ಡದಾದ ಎತ್ತನ್ನೂ ಮಾಡುತ್ತದೆ. ಅಚ್ಚು ಕೊಟ್ಟರೆ ಎಲ್ಲವೂ ಒಂದೇ ಆಗಿ ಅಂದವಾಗಿ ಕಾಣುವುವು. ಆದರೆ ಮಗುವಿನದು ಎನ್ನುವಂಥದು ಅದರಲ್ಲಿ ಏನೂ ಉಳಿಯದು. ಸಾಮಗ್ರಿ ಒದಗಿಸುವುದು, ಸಮಯ ಕೊಡುವುದು, ಮಗು ಮಾಡಿದುದರ ಬಗ್ಗೆ ಆಸಕ್ತಿಯಿಂದ ಕೇಳುವುದು, ಕೈಹಾಕಿ ತಿದ್ದದಿರುವುದು ಇವು ಶಿಕ್ಷಕಿಯ ಧರ್ಮ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದ ಹಂತಕ್ಕೆ ಆಟ ಹಾಗೂ ಚಟುವಟಿಕೆಗಳನ್ನೇ ಆಧಾರವಾಗಿಸಿದೆ. ಆದರೆ ನೀತಿಯು ತರಗತಿಯನ್ನು ಮುಟ್ಟಬೇಕಾದರೆ ಶಾಲೆಗಳೂ ಪಾಲಕರೂ ಒಪ್ಪಬೇಕು. ದಾನಿಗಳ ನೆರವಿನಿಂದ ಕಟ್ಟಡಗಳು ಏಳುತ್ತವೆ. ಒಂದು ಮರಳಿನ ಗುಂಡಿ, ಕೆಲವು ಮರದ ತುಂಡುಗಳು, ಒಂದು ನೆರಳಿನ ಮರ ಇವಕ್ಕೆ ತಗಲುವ ವೆಚ್ಚ ಅಲ್ಪ. ವರ್ಷಾಂತ್ಯದಲ್ಲಿ ಮಗು ಎಷ್ಟು ಪುಟ ಬರೆಯಿತು ಎಂದು ಕೇಳುವುದರೊಡನೆ, ತಾನಾಗಿ ಏನನ್ನು ಮಾಡಿತು ಎಂದೂ ಪಾಲಕರು ಕೇಳುವಂತಾದರೆ, ಶಿಶುವಿಹಾರವು ತನ್ನ ಹೆಸರಿಗೆ ಅನ್ವರ್ಥವಾದೀತು.