ಬಿಟ್ಟುಹೋದ ಎರಡು ಅಂಕಿಗಳು

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವು ಉತ್ತರ ಪಿನಾಕಿನಿಯ ದಡದಲ್ಲಿರುವ ಒಂದು ಚಿಕ್ಕ ಯಾತ್ರಾಸ್ಥಳ. ಮಹಾಭಾರತದ ವಿದುರನು ನೆಟ್ಟನೆಂದು ಜನರು ನಂಬಿದ್ದ ಅಲ್ಲಿಯ ಪುರಾತನ ಅಶ್ವತ್ಥವೃಕ್ಷವು 2001ರಲ್ಲಿ ಉರುಳಿತು. ಭಕ್ತರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಉಳಿದಿವೆ. ನಾಡಿನ ಚರಿತ್ರೆಯಲ್ಲಿ ಈ ಊರಿನ ಹೆಸರು ಸೇರಿರುವುದು ಬೇರೊಂದು ಕಾರಣದಿಂದ. 1938ರ ಏಪ್ರಿಲ್ 25ರಂದು, ಮೈಸೂರು ಸಂಸ್ಥಾನದ ಪ್ರತಿಬಂಧಕಾಜ್ಞೆಯನ್ನು ಲೆಕ್ಕಿಸದೆ ಧ್ವಜಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಂದು ಮಡಿದವರ ಸ್ಮಾರಕವು ಅಲ್ಲಿದೆ.

ಪಂಚಾಂಗದ ಪ್ರಕಾರ ಅದು ಬಹುಧಾನ್ಯ ಸಂವತ್ಸರದ ಚೈತ್ರಮಾಸ. ಯಾರಾದರೂ ಒಂದು ಕಲ್ಲಿನ ಮೇಲೆ ಇಷ್ಟನ್ನು ಮಾತ್ರ ಕೊರೆಸಿ ನಿಲ್ಲಿಸಿದ್ದರೆಂದು ಭಾವಿಸಿಕೊಳ್ಳಿರಿ. ಸಂವತ್ಸರಗಳು ಅರವತ್ತು, ಅವು ಮುಗಿದೊಡನೆ ಅದೇ ಹೆಸರುಗಳು ಮೊದಲಿನಿಂದ ಬರುತ್ತವೆ. 1998ರ ಯುಗಾದಿಯಂದು ಬಹುಧಾನ್ಯವು ಮತ್ತೆ ಬಂದಿತು. ಮುನ್ನೂರು ವರ್ಷಗಳ ಅನಂತರ ಆ ಕಲ್ಲನ್ನು ಓದುವವನು ಇದು ಯಾವ ಬಹುಧಾನ್ಯವೆಂದು ಹೇಗೆ ಅರಿತಾನು? ಈ ತೊಡಕನ್ನು ಬಲ್ಲ ನಮ್ಮ ಶಾಸನಕಾರರು ಸಂವತ್ಸರದ ಹೆಸರಿನೊಡನೆ ಶಕವರ್ಷದ ಸಂಖ್ಯೆಯನ್ನೂ ಅನೇಕ ಕಡೆ ಕೊರೆಯಿಸಿದರು. ಆ ಸಂಖ್ಯೆಯಿಲ್ಲದ ಶಾಸನ ದೊರೆತಾಗ ವಿದ್ವಾಂಸರು ಲಿಪಿಯ ರೂಪ, ಅರಸನ ಹೆಸರು, ತಿಥಿವಾರಗಳು ಇವನ್ನೆಲ್ಲ ಹುಡುಕಿ ಕಾಲವನ್ನು ಗೊತ್ತುಪಡಿಸಬೇಕಾಗುತ್ತದೆ.

ಗಣಕಯಂತ್ರಗಳನ್ನು ನಡೆಸಲು ತೊಡಗಿದ ಇಪ್ಪತ್ತನೆಯ ಶತಮಾನದ ಜಾಣರು, ತಮಗರಿವಿಲ್ಲದೆಯೇ, ಇದೇ ತೊಡಕಿಗೆ ಸಿಕ್ಕಿಬಿದ್ದರು. ಆಗ ವಿಷಯವನ್ನು ಯಂತ್ರಕ್ಕೆ ಊಡಿಸುತ್ತಿದ್ದುದು ತೂತು ಕೊರೆದ ಕಾರ್ಡುಗಳ ಮೂಲಕ. ಒಂದು ಕಾರ್ಡಿನಲ್ಲಿ ಎಂಬತ್ತು ಅಕ್ಷರಗಳಿಗೆ ಮಾತ್ರ ಎಡೆ. ಯಂತ್ರದ ನೆನಪಿನ ಕೋಶವಂತೂ ಬಹಳ ದುಬಾರಿ. ಆದುದರಿಂದ 1965 ಎಂದು ಬರೆಯುವ ಬದಲು 65 ಎಂದಷ್ಟೇ ಬರೆದು ಎರಡು ಮನೆಗಳನ್ನು ಉಳಿಸಿದರು. ಅವರನ್ನು ಅಜ್ಞರೆಂದು ಹಳಿಯುವಂತಿಲ್ಲ. ನಾವೂ ಕಾಗದದ ಮೇಲೆ ತಾರೀಖನ್ನು ಹಾಗೆಯೇ ಬರೆಯುತ್ತಿದ್ದೆವಲ್ಲವೆ? ತಾವು ಬರೆದ ಕ್ರಮವಿಧಿಗಳು ಕೆಲವೇ ವರ್ಷಗಳಲ್ಲಿ ಹಳತಾಗಿ ಮೂಲೆಗುಂಪಾಗುವುವೆಂದು ಅವರು ಎಣಿಸಿದ್ದರು. ಆದರೆ ಚೆನ್ನಾಗಿ ನಡೆಯುತ್ತಿರುವುದನ್ನು ಯಾರೂ ಕಿತ್ತೆಸೆಯುವುದಿಲ್ಲ. ಅಮೆರಿಕದ ರಾಬರ್ಟ್ ಬೀಮರ್ ಎಂಬ ಗಣಕತಜ್ಞರು 1971ರಲ್ಲಿಯೇ ಈ ಕುರಿತು ಎಚ್ಚರಿಸಿ ಬರೆದರು. ಇಪ್ಪತ್ತೊಂಬತ್ತು ವರ್ಷ ದೂರದ ಕೇಡಿಗೆ ಅಂದು ಕಿವಿಗೊಟ್ಟವರು ವಿರಳ.

1939ರಲ್ಲಿ ಹುಟ್ಟಿದ ನೌಕರನೊಬ್ಬನ ವಯಸ್ಸನ್ನು 1999ರಲ್ಲಿ ಯಂತ್ರವು 99ರಿಂದ 39ನ್ನು ಕಳೆದು 60 ಎಂದು ಸರಿಯಾಗಿಯೇ ಹೇಳುತ್ತದೆ. ಮರುವರ್ಷ ಅದು 00ಯಿಂದ 39ನ್ನು ಕಳೆಯಬೇಕು. ಆಗ ಆತನು ಹುಟ್ಟುವುದಕ್ಕೆ ಇನ್ನೂ ಮೂವತ್ತೊಂಬತ್ತು ವರ್ಷವಿದೆಯೆಂದು ಅದು ತೀರ್ಮಾನಿಸಬಹುದು. ಹುಟ್ಟದವನಿಗೆ ಪಿಂಚಣಿ ಎಲ್ಲಿಂದ ಬರಬೇಕು? ಬ್ಯಾಂಕಿನ ಬಡ್ಡಿ, ವಿಮೆಯ ಅವಧಿ, ಔಷಧದ ವಾಯಿದೆ ಎಲ್ಲದರ ಗತಿಯೂ ಇದೇ. ವರ್ಷ ಎಂಬುದರ ಆಂಗ್ಲ ಪದದ ಮೊದಲಕ್ಷರವನ್ನೂ ಎರಡು ಸಾವಿರ ಎಂಬ ಸಂಕೇತವನ್ನೂ ಕೂಡಿಸಿ ಲೋಕವು ಈ ದೋಷವನ್ನು 'ವೈ-ಟು-ಕೆ' ಎಂದು ಕರೆಯಿತು.

ಭಾರತದಲ್ಲಿ, ಆ ಎರಡನೆಯ ಬಹುಧಾನ್ಯದಲ್ಲಿಯೇ, ಅಂದರೆ 1998ರಲ್ಲಿ, ಯೋಜನಾ ಆಯೋಗದ ಸದಸ್ಯರಾಗಿದ್ದ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ ಅವರ ನೇತೃತ್ವದಲ್ಲಿ ಸರ್ಕಾರವು ಒಂದು ಕಾರ್ಯಪಡೆಯನ್ನು ರಚಿಸಿತು. ಬ್ಯಾಂಕು, ವಿದ್ಯುತ್ತು, ದೂರವಾಣಿ, ರೈಲ್ವೆ, ವಿಮಾನಯಾನ ಮೊದಲಾದ ಕ್ಷೇತ್ರಗಳ ಯಂತ್ರಗಳನ್ನು ತಪಾಸಣೆ ಮಾಡಬೇಕಾಗಿದ್ದಿತು. ನಮ್ಮ ಬಹುಪಾಲು ಕಚೇರಿಗಳಲ್ಲಿ ಲೆಕ್ಕವು ಇನ್ನೂ ದಪ್ಪ ರಿಜಿಸ್ಟರುಗಳಲ್ಲಿಯೇ ಇದ್ದುದು ಒಂದು ಬಗೆಯ ರಕ್ಷಣೆಯಾಯಿತು. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಡತಕ್ಕೆ ಶತಮಾನ ಬದಲಾದರೇನು ಭಯ!

ದುರಸ್ತಿಯ ಕೆಲಸದಲ್ಲಿ ಚಮತ್ಕಾರವೇನೂ ಇರಲಿಲ್ಲ. ಲಕ್ಷಾಂತರ ಸಾಲುಗಳ ಹಳೆಯ ಕ್ರಮವಿಧಿಯನ್ನು ಒಂದೊಂದೇ ಸಾಲಾಗಿ ಓದಿ, ತಾರೀಖು ಅಡಗಿರುವ ಎಡೆಗಳನ್ನೆಲ್ಲ ಕಂಡುಹಿಡಿಯಬೇಕು. ಎರಡು ಅಂಕಿಯ ಮನೆಯನ್ನು ನಾಲ್ಕಕ್ಕೆ ಹಿಗ್ಗಿಸುವುದು ಒಂದು ಉಪಾಯ. ಅದು ದುಸ್ಸಾಧ್ಯವಾದಲ್ಲಿ, ಉದಾಹರಣೆಗೆ, 50ಕ್ಕಿಂತ ಕಡಿಮೆಯಿದ್ದರೆ 2000ದ ಶತಕ, ಇಲ್ಲವಾದರೆ 1900ರ ಶತಕ ಎಂದು ಯಂತ್ರಕ್ಕೆ ಕಟ್ಟಳೆ ವಿಧಿಸುವುದು ಇನ್ನೊಂದು ಉಪಾಯ. ಬಳಿಕ ಗಡಿಯಾರವನ್ನು 1999ರ ಡಿಸೆಂಬರ್ 31ರ ನಡುರಾತ್ರಿಗೆ ತಿರುಗಿಸಿ, ಯಂತ್ರವು ಹೊಸ ವರ್ಷಕ್ಕೆ ಸರಿಯಾಗಿ ಕಾಲಿಡುವುದೇ ಎಂದು ಪರೀಕ್ಷಿಸಬೇಕು. ಕೋಬಾಲ್ ಎಂಬ ಹಳೆಯ ಗಣಕಭಾಷೆಯನ್ನು ಬಲ್ಲವರು ಅಮೆರಿಕದಲ್ಲಿ ಸಾಲದಾದರು. ಆ ಕೆಲಸವು ಭಾರತಕ್ಕೆ, ವಿಶೇಷವಾಗಿ ಬೆಂಗಳೂರಿಗೆ, ಹರಿದು ಬಂದಿತು. ಇನ್ಫೋಸಿಸ್, ವಿಪ್ರೋ ಮೊದಲಾದ ಸಂಸ್ಥೆಗಳು ಅದನ್ನು ಕೈಗೊಂಡವು. ಅಲ್ಲಿ ಇರುಳಾಗಿ ಯಂತ್ರಗಳು ಬಿಡುವಾದಾಗ ಇಲ್ಲಿ ಹಗಲು. ಇಲ್ಲಿನ ತರುಣ ತರುಣಿಯರು ಯಾವುದೋ ದೂರದೇಶದ ಬ್ಯಾಂಕಿನ ಲೆಕ್ಕವನ್ನು ಸರಿಪಡಿಸುತ್ತ ಕುಳಿತರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಆ ಶುಕ್ರವಾರದ ರಾತ್ರಿ ಕಳೆಯಿತು. ಭಾರತದಲ್ಲಿ ದೀಪಗಳು ಆರಲಿಲ್ಲ, ದೂರವಾಣಿಗಳು ಮೂಕವಾಗಲಿಲ್ಲ. ಅಮೆರಿಕದ ನೌಕಾ ವೀಕ್ಷಣಾಲಯದ ಜಾಲತಾಣವು ವರ್ಷವನ್ನು 19100 ಎಂದು ತೋರಿಸಿ ನಗೆಗೀಡಾಯಿತು. ಅಲ್ಲಿನ ಕ್ರಮವಿಧಿಯು 1900ರಿಂದ ಕಳೆದ ವರ್ಷಗಳನ್ನು ಎಣಿಸಿ ಅದರ ಹಿಂದೆ 19 ಎಂದು ಅಂಟಿಸುತ್ತಿತ್ತು. 99ರ ಮುಂದಿನದು 100 ತಾನೆ! ಇಷ್ಟೇ ಆದುದನ್ನು ಕಂಡು, ಅಪಾರ ಹಣವನ್ನು ಹೊಳೆಗೆ ಸುರಿದಂತಾಯಿತೆಂದು ಹಲವರು ಆಕ್ಷೇಪಿಸಿದರು.

ಈ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಭಯವನ್ನು ಮಾರಿ ಹಣ ಮಾಡಿದವರೂ ಇದ್ದರು. ಆದರೆ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ನಡೆದುದನ್ನು ಅವರು ಕೇಳಬೇಕಾಗಿತ್ತು. ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿ, ಹುಟ್ಟಲಿರುವ ಮಗುವಿಗೆ ಒಂದು ಬಗೆಯ ಜನ್ಮಜಾತ ತೊಂದರೆ ಇರುವ ಸಂಭವವನ್ನು ಲೆಕ್ಕಹಾಕುತ್ತಿದ್ದ ಅಲ್ಲಿಯ ಗಣಕವನ್ನು ಯಾರೂ ಸರಿಪಡಿಸಿರಲಿಲ್ಲ. ಹೊಸ ವರ್ಷದಿಂದ ಅದು ತಾಯಂದಿರ ವಯಸ್ಸನ್ನು ತಪ್ಪಾಗಿ ಎಣಿಸತೊಡಗಿತು. ತಪ್ಪು ಬೆಳಕಿಗೆ ಬರುವಷ್ಟರಲ್ಲಿ ನೂರೈವತ್ತಕ್ಕೂ ಹೆಚ್ಚು ಸ್ತ್ರೀಯರಿಗೆ ಸುಳ್ಳು ಫಲಿತಾಂಶ ಹೋಗಿದ್ದಿತು. ಅಲ್ಲಿ ದೀಪವೂ ಆರಲಿಲ್ಲ, ಗಂಟೆಯೂ ಬಾರಿಸಲಿಲ್ಲ; ಯಂತ್ರವು ಶಾಂತವಾಗಿ ಕಾಗದದ ಮೇಲೆ ಅಂಕಿಗಳನ್ನು ಅಚ್ಚುಹಾಕುತ್ತಲೇ ಇದ್ದಿತು.

ಇಂಥದೇ ಮತ್ತೊಂದು ತೊಡಕು ಮುಂದಿದೆ. ಅನೇಕ ಗಣಕಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ಅರಿಯುತ್ತವೆ. ಹಳೆಯ ಬಗೆಯ ಯಂತ್ರಗಳಲ್ಲಿ ಆ ಎಣಿಕೆಗೆ 214 ಕೋಟಿ 74 ಲಕ್ಷ 83 ಸಾವಿರದ 647ರವರೆಗೆ ಮಾತ್ರ ಅವಕಾಶ. 2038ರ ಜನವರಿ 19ರಂದು, ನಮ್ಮ ಕಾಲಮಾನದ ಪ್ರಕಾರ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಅದು ತುಂಬುತ್ತದೆ. ಅಂಥ ಕೆಲವು ಯಂತ್ರಗಳು ಆಗ 1901ಕ್ಕೆ ಹಿಂದಿರುಗಬಹುದು. ದುರಸ್ತಿಯ ಕೆಲಸವು ಈಗಾಗಲೇ ಹಲವೆಡೆ ನಡೆದಿದೆ. ಅದೇ ವರ್ಷದ ಏಪ್ರಿಲಿನಲ್ಲಿ ವಿದುರಾಶ್ವತ್ಥದ ಘಟನೆಗೆ ನೂರು ವರ್ಷ ತುಂಬುತ್ತದೆ. ಈ ಪಾಠವನ್ನು ಓದುತ್ತಿರುವ ನೀವು ಆಗ ಉದ್ಯೋಗದಲ್ಲಿರುವಿರಿ. ಆ ಯಂತ್ರಗಳಲ್ಲಿ ಕೆಲವು ನಿಮ್ಮ ಕೈಯಲ್ಲಿಯೇ ಇರಬಹುದು.