ಮಗ ಠಾಣೆಯಲ್ಲಿದ್ದಾನೆ: ಮೊದಲು ಹುಡುಕಬೇಕಾದ್ದು ಮಾರ್ಕ್ಸ್ ಕಾರ್ಡು

ಹದಿನಾರರ ಹುಡುಗನನ್ನು ಮೊಬೈಲ್ ಕದ್ದ ಅನುಮಾನದ ಮೇಲೆ ಠಾಣೆಗೆ ಕರೆದೊಯ್ದಿದ್ದಾರೆ ಎಂದು ಗೊತ್ತಾದ ಕೂಡಲೇ ಮನೆಯವರು ಹುಡುಕುವುದು ಊರಿನ ಮುಖಂಡರ ಫೋನ್ ನಂಬರ್. ಹುಡುಕಬೇಕಾದ್ದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಅಥವಾ ಶಾಲೆಯ ಜನ್ಮದಿನಾಂಕದ ದಾಖಲೆ. ಕೃತ್ಯ ನಡೆದ ದಿನ ಹುಡುಗನಿಗೆ 18 ತುಂಬಿರಲಿಲ್ಲ ಎಂದು ತೋರಿಸಲು ಕಾನೂನು ಮೊದಲು ನೋಡುವುದು ಅದನ್ನೇ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲವೆಂದಾದರೆ ಮಾತ್ರ ಮೂಳೆ ಪರೀಕ್ಷೆ. ಹಿಡಿದ ದಿನ 18 ದಾಟಿದ್ದರೂ ಚಿಂತೆಯಿಲ್ಲ, ಲೆಕ್ಕ ಕೃತ್ಯ ನಡೆದ ದಿನದ್ದು.

ವಯಸ್ಸು ಸಾಬೀತಾದರೆ ಅವನು ‘ಆರೋಪಿ’ಯಲ್ಲ, 2015ರ ಬಾಲ ನ್ಯಾಯ ಕಾಯ್ದೆಯ ಮಾತಿನಲ್ಲಿ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’. ಹೆಸರು ಉದ್ದ, ಆದರೆ ಅದರ ಹಿಂದೆ ಬರುವ ರಕ್ಷಣೆ ಗಟ್ಟಿ. ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಮಾತಾಡಿಸುವ ಪೊಲೀಸರು ಸಮವಸ್ತ್ರದಲ್ಲಿರಬಾರದು. ಹೇಳಿಕೆಗೆ ಅವನಿಂದ ಸಹಿ ಹಾಕಿಸಿಕೊಳ್ಳಬಾರದು. ತಂದೆತಾಯಿಗೆ ತಿಳಿಸಲೇಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಬಿಡಿ ಮೊಬೈಲ್ ಕಳವಿನಂಥ, ಗರಿಷ್ಠ ಮೂರು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳು ‘ಸಣ್ಣ ಅಪರಾಧ’ದ ಪಟ್ಟಿಯಲ್ಲಿ ಬರುತ್ತವೆ. ಇಂಥವಕ್ಕೆ, ವಯಸ್ಕರು ಜತೆಗೂಡಿರದಿದ್ದರೆ, ಎಫ್‌ಐಆರ್ ಹಾಕದೆ ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಹಿನ್ನೆಲೆಯ ವರದಿಯನ್ನು ಮಂಡಳಿಗೆ ಕಳಿಸಬೇಕು ಎನ್ನುತ್ತವೆ 2016ರ ಮಾದರಿ ನಿಯಮಗಳು. ಸಾಮಾನ್ಯವಾಗಿ ಹುಡುಗನನ್ನು ಹಿಡಿದಿಟ್ಟುಕೊಳ್ಳುವ ಅಗತ್ಯವೇ ಇಲ್ಲ.

ಆದರೂ ‘ಇಲ್ಲೇ ಮುಗಿಸಿಬಿಡೋಣ’ ಎಂಬ ಮಾತು ಬರುತ್ತದೆ. ಮುಖಂಡರು ಬರುತ್ತಾರೆ, ಮೊಬೈಲಿನ ಬೆಲೆ ಕಟ್ಟಿಕೊಡುತ್ತಾರೆ, ಹುಡುಗನಿಗೆ ನಾಲ್ಕು ಬಿಗಿದು ಮನೆಗೆ ಅಟ್ಟುತ್ತಾರೆ. ಮನೆಯವರಿಗೆ ನಿರಾಳ. ಈ ರಾಜಿಯಲ್ಲಿ ದೊಡ್ಡ ನಷ್ಟವಾಗುವುದು ಹುಡುಗನಿಗೇ ಎಂಬುದು ನನ್ನ ಅಭಿಪ್ರಾಯ. ಅವನು ಯಾಕೆ ಕದ್ದ ಎಂದು ಕೂತು ಕೇಳುವ ಒಬ್ಬರೇ ಒಬ್ಬರು ಆ ರಾತ್ರಿ ಅಲ್ಲಿರುವುದಿಲ್ಲ.

ಮಂಡಳಿಯಲ್ಲಿ ಅಂಥವರು ಇರುತ್ತಾರೆ. ಮಂಡಳಿ ಎಂದರೆ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಅದು ಮಾಮೂಲಿ ಕೋರ್ಟಿನ ಹಾಗೆ ಕಾಣಬಾರದು ಎಂಬುದೂ ಕಾಯ್ದೆಯಲ್ಲೇ ಇದೆ. ಅಲ್ಲಿ ಪರಿವೀಕ್ಷಣಾಧಿಕಾರಿ ಎಂಬೊಬ್ಬರು ಮನೆ, ಶಾಲೆ, ಓಣಿ ಎಲ್ಲ ವಿಚಾರಿಸಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅವರು ಮನೆಗೆ ಬಂದಾಗ ‘ಎಲ್ಲ ಚೆನ್ನಾಗಿದೆ ಸಾರ್, ಇವನೊಬ್ಬನೇ ಹೀಗೆ’ ಎಂದು ಮುಚ್ಚಿಡುವುದು ನಮ್ಮ ಮರ್ಯಾದೆಯ ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಅಪ್ಪನ ಕುಡಿತ, ಸಂಘದ ಸಾಲ, ಒಂಬತ್ತನೇ ತರಗತಿಗೇ ನಿಂತ ಓದು, ಗ್ಯಾರೇಜಿನಲ್ಲಿ ಸಿಕ್ಕ ಗೆಳೆಯರು, ಎಲ್ಲವನ್ನೂ ಹೇಳಿ. ಮಂಡಳಿಯ ಆದೇಶ ಬಹುಮಟ್ಟಿಗೆ ಆ ವರದಿಯನ್ನೇ ಆಧರಿಸಿರುತ್ತದೆ. ಬುದ್ಧಿವಾದ ಹೇಳಿ ಮನೆಗೆ ಕಳಿಸುವುದು, ಆಪ್ತ ಸಮಾಲೋಚನೆ, ಸಮುದಾಯ ಸೇವೆ, ತಂದೆತಾಯಿಯ ಜವಾಬ್ದಾರಿಯಲ್ಲಿ ಪರಿವೀಕ್ಷಣೆ ಇವೆಲ್ಲ ಮಂಡಳಿಯ ಕೈಯಲ್ಲಿವೆ. ವಿಶೇಷ ಗೃಹಕ್ಕೆ ಕಳಿಸಿದರೂ ಅಲ್ಲಿನ ವಾಸ ಮೂರು ವರ್ಷ ಮೀರುವಂತಿಲ್ಲ.

ಜಾಮೀನು ಇಲ್ಲಿ ತಲೆಕೆಳಗು: ಕೊಡುವುದೇ ನಿಯಮ, ನಿರಾಕರಿಸುವುದು ಅಪವಾದ. ಹೊರಬಿಟ್ಟರೆ ಹುಡುಗ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎನ್ನಿಸಿದಾಗ ಮಾತ್ರ, ಕಾರಣ ಬರೆದು, ತಡೆಯಬಹುದು. ಷರತ್ತು ಪೂರೈಸಲಾಗದೆ ಏಳು ದಿನ ಒಳಗೇ ಉಳಿದರೆ, ಷರತ್ತು ಸಡಿಲಿಸಲು ಅವನನ್ನು ಮತ್ತೆ ಮಂಡಳಿಯ ಮುಂದೆ ತರಬೇಕು. ವಕೀಲರಿಗೆ ದುಡ್ಡಿಲ್ಲ ಎಂಬ ಆತಂಕ ಬೇಡ. ಕಾನೂನು ಸೇವೆಗಳ ಪ್ರಾಧಿಕಾರದಿಂದ ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ಮನೆಯ ಆದಾಯ ಎಷ್ಟೇ ಇರಲಿ. ಸಹಾಯವಾಣಿ 15100. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಎರಡು ತಿಂಗಳು ಮುಂದೂಡಬಹುದು. ಸಣ್ಣ ಅಪರಾಧವಾದರೆ ಆ ಅವಧಿಯೂ ಕಳೆದ ಮೇಲೆ ಪ್ರಕರಣ ತಾನಾಗಿ ಕೊನೆಗೊಳ್ಳುತ್ತದೆ.

ಎಲ್ಲವೂ ಇಷ್ಟು ಮೃದುವಲ್ಲ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚಿರುವ ‘ಘೋರ ಅಪರಾಧ’ದಲ್ಲಿ 16 ತುಂಬಿದವರ ಬಗ್ಗೆ ಮಂಡಳಿ ಪ್ರಾಥಮಿಕ ಅಂದಾಜು ನಡೆಸಿ, ವಯಸ್ಕರಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಇದು ಕೊಲೆಗಷ್ಟೇ ಅನ್ವಯ ಎಂದುಕೊಂಡಿರುವವರು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯನ್ನು ನೆನಪಿಡಬೇಕು. ಕಾಲೇಜಿನ ಪ್ರೇಮ ಮನೆ ಬಿಟ್ಟು ಓಡಿಹೋಗುವಲ್ಲಿಗೆ ಮುಟ್ಟಿದರೆ, 18 ತುಂಬದ ಹುಡುಗಿಯ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ, ಹದಿನೇಳರ ಹುಡುಗನೂ ಈ ಪಟ್ಟಿಗೆ ಸೇರಿಬಿಡಬಹುದು. ಇನ್ನು ಸ್ಕೂಟರಿನ ಕೀಲಿಯನ್ನು ಹೆಮ್ಮೆಯಿಂದ ಮಗನ ಕೈಗಿಡುವ ಅಪ್ಪಂದಿರಿಗೆ ಒಂದು ಮಾತು: ಅವನು ಅಪಘಾತ ಮಾಡದೆ ಸುಮ್ಮನೆ ಸಂಚಾರ ನಿಯಮ ಮುರಿದರೂ, ಮೋಟಾರು ವಾಹನ ಕಾಯ್ದೆಯಲ್ಲಿ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗಿನ ಜೈಲು ಇರುವುದು ನಿಮಗೆ.

‘ಇದು ಅವನ ಹಣೆಗೆ ಅಂಟಿಕೊಳ್ಳುತ್ತದಾ?’ ಎಂದು ತಾಯಂದಿರು ಕೇಳುತ್ತಾರೆ. ವಯಸ್ಕನಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥನಾದವನನ್ನು ಬಿಟ್ಟರೆ ಉಳಿದವರಿಗೆ ಅಂಟಿಕೊಳ್ಳದು. ಶಿಕ್ಷೆಯಿಂದ ಬರುವ ಅನರ್ಹತೆ ಅವರಿಗಿಲ್ಲ. ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನು ನಾಶಪಡಿಸಬೇಕು. ಮುಗಿದ ಪ್ರಕರಣದ ವಿಷಯವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿಯೂ ಹೊರಗೆಡವುವಂತಿಲ್ಲ. ಪತ್ರಿಕೆಯಲ್ಲಾಗಲಿ, ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಹುಡುಗನ ಹೆಸರು, ಫೋಟೊ ಹಾಕಿದವರಿಗೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು.

ಇಷ್ಟಕ್ಕೂ ಆ ವರದಿಯಲ್ಲಿ ಬರೆದ ಕುಡಿತ, ಸಾಲ, ಬಿಟ್ಟ ಶಾಲೆ ಕಳವಿನ ಹಿಂದಿನ ದಿನ ಹುಟ್ಟಿದವಲ್ಲ. ಬಾಲ ನ್ಯಾಯ ಕಾಯ್ದೆಯಲ್ಲೇ ಇನ್ನೊಂದು ಬಾಗಿಲಿದೆ, ತಪ್ಪು ನಡೆಯುವ ಮೊದಲೇ ತಟ್ಟಬಹುದಾದದ್ದು: ಮಕ್ಕಳ ಕಲ್ಯಾಣ ಸಮಿತಿ. ದುಡಿತಕ್ಕೆ ಬಿದ್ದ, ಮನೆಯಲ್ಲಿ ಏಟು ತಿನ್ನುವ, ನೋಡಿಕೊಳ್ಳುವವರಿಲ್ಲದ ಮಗುವಿನ ವಿಷಯವನ್ನು ಯಾರು ಬೇಕಾದರೂ ಅಲ್ಲಿಗೆ ಒಯ್ಯಬಹುದು. ‘ಹೋದರೆ ಮಗುವನ್ನು ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ’ ಎಂಬ ಭಯವೇ ಜನರನ್ನು ಹಿಂದೆಳೆಯುತ್ತದೆ. ಕಾಯ್ದೆ ಹೇಳುವುದು ಉಲ್ಟಾ: ಮಗು ಮನೆಯಲ್ಲೇ ಬೆಳೆಯಬೇಕು, ಸಂಸ್ಥೆ ಕಟ್ಟಕಡೆಯ ದಾರಿ.

ಮನೆಯಲ್ಲೇ ಉಳಿಸಿಕೊಳ್ಳಲು ದುಡ್ಡೂ ಇದೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ವಿಧವೆ ಅಥವಾ ಗಂಡ ಬಿಟ್ಟ ತಾಯಿಯ ಮಕ್ಕಳು, ಅಜ್ಜಿಯ ಮನೆಯಲ್ಲಿರುವ ಅನಾಥರು, ಮಾರಣಾಂತಿಕ ಕಾಯಿಲೆಗೆ ಬಿದ್ದವರ ಮಕ್ಕಳು ಇದರಲ್ಲಿ ಬರುತ್ತಾರೆ. ವರ್ಷದ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿಗೆ ಕೇಳಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ವಿಳಾಸ ಗೊತ್ತಿಲ್ಲದಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ ಅಥವಾ ಹಗಲಿರಲಿ ರಾತ್ರಿಯಿರಲಿ 1098ಕ್ಕೆ ಫೋನ್ ಮಾಡಿ. ದೊಡ್ಡವರೇ ಮಾಡಬೇಕೆಂದಿಲ್ಲ, ಮಗುವೇ ಮಾಡಬಹುದು.